ಔಷಧದಾನ ಮತ್ತು ಅಭಯದಾನ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳು ಶ್ರಾವಕನ ನಿತ್ಯಕರ್ತವ್ಯಗಳೆಂದು ಜೈನ ಪರಂಪರೆ ಬಹು ಹಿಂದಿನಿಂದಲೂ ಬೋಧಿಸುತ್ತ ಬಂದಿದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಬಸದಿಗಳ ಆಶ್ರಯದಲ್ಲಿ ಪಂಚಕಲ್ಯಾಣ, ಚಾತುರ್ಮಾಸ, ಮಹಾವೀರ ಜಯಂತಿಗಳ ನಿಮಿತ್ತ ಆರೋಗ್ಯ ಶಿಬಿರಗಳು ನಡೆಯುವುದೂ ದಾನಿಗಳು ಮುಂದೆ ಬಂದು ಔಷಧಿ ಹಂಚುವುದೂ ಈ ಬೋಧೆಯ ಫಲವೇ ಆಗಿದೆ. ಆದರೆ ಔಷಧವೆಂಬುದು ಅಕ್ಕಿ ಬೇಳೆಗಳಂತೆ ಅಳೆದು ಕೊಟ್ಟು ಮುಗಿಸುವ ವಸ್ತುವಲ್ಲ. ಒಂದು ಔಷಧ ಮತ್ತೊಂದರ ಬಲವನ್ನು ಕುಗ್ಗಿಸಬಲ್ಲದು. ಆ ಸಂಗತಿ ಕೊಟ್ಟವನಿಗೂ ತಿಳಿಯದೆ, ಕೊಂಡವನಿಗೂ ತಿಳಿಯದೆ ಉಳಿದರೆ ದಾನದ ಸಂಕಲ್ಪ ಶುದ್ಧವಾಗಿದ್ದರೂ ಫಲ ವಿಪರೀತವಾಗುತ್ತದೆ. ಮೂರ್ಛೆರೋಗಕ್ಕೆ ಕೊಡುವ ಮಾತ್ರೆಗಳಿಗೂ ಗರ್ಭನಿರೋಧಕ ಮಾತ್ರೆಗಳಿಗೂ ಇರುವ ಸಂಬಂಧ ಅಂಥ ಸಂಗತಿಗಳಲ್ಲಿ ಒಂದು. ಮನೆಗಳಲ್ಲಿ ಇದರ ಮಾತೇ ಏಳುವುದಿಲ್ಲ. ಹೀಗೆ ಮಾತು ಏಳದಿರುವುದರಿಂದಲೇ ಹಾನಿಯಾಗುತ್ತಿದೆ.

ಮೂರ್ಛೆರೋಗ ಅಥವಾ ಅಪಸ್ಮಾರವು ವಿರಳವಾದ ಕಾಯಿಲೆಯೇನಲ್ಲ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಬೆಂಗಳೂರು ನಗರದಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆಯಲ್ಲಿ ಒಂದು ಸಾವಿರ ಜನರಿಗೆ ಸುಮಾರು 8.8 ಮಂದಿ ಈ ರೋಗವುಳ್ಳವರು ಕಂಡುಬಂದರು. ನಗರದಲ್ಲಿ ಈ ಪ್ರಮಾಣ 5.7 ಇದ್ದರೆ ಗ್ರಾಮೀಣ ಭಾಗದಲ್ಲಿ 11.9 ಇತ್ತು. ಇದೇ ಲೆಕ್ಕ ಹಿಡಿದರೆ ಐದು ಸಾವಿರ ಜನವಸತಿಯ ಒಂದು ಹಳ್ಳಿಯಲ್ಲಿ ಸುಮಾರು ಅರುವತ್ತು ಮಂದಿ ಇಂಥವರು ಇರಬೇಕು. ಅಷ್ಟು ಮಂದಿಯನ್ನು ಹೆಸರು ಹೇಳಿ ಎಣಿಸುವವರು ಯಾವ ಊರಿನಲ್ಲಿಯೂ ಸಿಗಲಾರರು. ರೋಗವಿದೆ, ರೋಗದ ಹೆಸರು ಮಾತ್ರ ಮರೆಯಲ್ಲಿದೆ. ಹೆಣ್ಣುಮಕ್ಕಳ ವಿಷಯದಲ್ಲಂತೂ ಈ ಮರೆ ಇನ್ನೂ ದಟ್ಟವಾದುದು.

ಗಡಿನಾಡಿನ ಪರಿಸ್ಥಿತಿ ಈ ಮರೆಗೆ ಮತ್ತೊಂದು ಪದರವನ್ನು ಸೇರಿಸುತ್ತದೆ. 1894ರಲ್ಲಿ ವಿಲಿಯಂ ವಾನ್ಲೆಸ್ ಅವರು ಮಿರಜಿನಲ್ಲಿ ಆಸ್ಪತ್ರೆ ತೆರೆದ ಕಾಲದಿಂದ ಅಥಣಿ, ಕಾಗವಾಡ, ರಾಯಬಾಗಗಳ ಜನ ದೊಡ್ಡ ರೋಗಕ್ಕೆ ಮಿರಜಿನ ದಾರಿ ಹಿಡಿಯುವುದು ರೂಢಿಯಾಗಿದೆ. ನಿಪ್ಪಾಣಿಯವರಿಗೆ ಕೊಲ್ಹಾಪುರ ಸಮೀಪ, ಚಿಕ್ಕೋಡಿಯವರು ಬೆಳಗಾವಿಗೂ ಹೋಗುವರು. ಹೀಗಾಗಿ ಮೆದುಳಿನ ವೈದ್ಯರು ಬರೆದ ಚೀಟಿ ಒಂದು ರಾಜ್ಯದ್ದು. ಊರಿನ ಉಪಕೇಂದ್ರದಲ್ಲಿ ಆಶಾ ಕಾರ್ಯಕರ್ತೆ ಕೊಡುವ ಗರ್ಭನಿರೋಧಕ ಮಾತ್ರೆ ಇನ್ನೊಂದು ರಾಜ್ಯದ್ದು. ಆ ವೈದ್ಯರಿಗೆ ಈ ಮಾತ್ರೆಯ ಸುದ್ದಿ ತಿಳಿಯದು, ಈ ಕಾರ್ಯಕರ್ತೆಗೆ ಆ ಚೀಟಿಯ ಸುದ್ದಿ ತಿಳಿಯದು. ಒಂದೇ ಅಂಗಡಿಯ ವ್ಯವಹಾರವನ್ನು ಇಬ್ಬರು ಗುಮಾಸ್ತರು ಎರಡು ಕಿರ್ದಿಗಳಲ್ಲಿ ಬರೆದು, ಒಬ್ಬರದನ್ನೊಬ್ಬರು ನೋಡದಿದ್ದರೆ ವರ್ಷಾಂತ್ಯದ ಲೆಕ್ಕ ಹೇಗೆ ತಪ್ಪುವುದೋ ಇಲ್ಲಿಯೂ ಹಾಗೆಯೇ ತಪ್ಪುತ್ತದೆ. ವ್ಯತ್ಯಾಸವಿಷ್ಟೆ: ಅಂಗಡಿಯ ತಪ್ಪನ್ನು ಮುಂದಿನ ವರ್ಷ ಸರಿಪಡಿಸಬಹುದು.

ಯಾವುದೇ ಒಂದು ಮನೆಯನ್ನು ಬೆರಳಿಟ್ಟು ತೋರಿಸದೆ, ಈ ಭಾಗದ ಅನೇಕ ಮನೆಗಳಲ್ಲಿ ನಡೆಯಬಹುದಾದುದನ್ನು ಕಲ್ಪಿಸಿಕೊಳ್ಳಬಹುದು. ಹನ್ನೆರಡನೆಯ ವಯಸ್ಸಿನಲ್ಲಿ ಒಬ್ಬ ಹುಡುಗಿಗೆ ಎರಡು ಮೂರು ಸಲ ಮೂರ್ಛೆ ಬಂದಿತು. ಮೊದಲ ಸಲ ನೆರೆಯವರು ಮೂಗಿಗೆ ಈರುಳ್ಳಿ ಹಿಡಿದರು, ಕೈಗೆ ಕಬ್ಬಿಣದ ಕೀಲಿ ಕೊಟ್ಟರು. ಅನಂತರ ದೊಡ್ಡ ಆಸ್ಪತ್ರೆಯಲ್ಲಿ ಪರೀಕ್ಷೆಯಾಗಿ ಫೆನಿಟಾಯಿನ್ ಮಾತ್ರೆ ಆರಂಭವಾಯಿತು. ಮೂರ್ಛೆ ನಿಂತಿತು. ಹುಡುಗಿ ಓದಿದಳು, ದೊಡ್ಡವಳಾದಳು, ಮದುವೆ ನಿಶ್ಚಯವಾಯಿತು. ಗಂಡನ ಮನೆಗೆ ಹೊರಡುವ ಹಿಂದಿನ ರಾತ್ರಿ ತಾಯಿ ಮಾತ್ರೆಗಳನ್ನು ಕುಂಕುಮದ ಡಬ್ಬಿಯ ಕೆಳಗೆ ಇಟ್ಟು, "ಈ ಗುಳಿಗಿ ಮಾತ ಅಲ್ಲಿ ಯಾರ ಮುಂದೂ ತಗೀಬ್ಯಾಡವಾ, ಕೇಳಿದರ ತಲಿನೋವಿಂದು ಅನ್ನು" ಎಂದಳು. ಮಗಳು, "ಆತು ಬಿಡವ್ವಾ" ಎಂದಳು. ಮೊದಲ ಕೂಸಿನ ಅನಂತರ ಅಂತರವಿರಲೆಂದು ಆಕೆ ಉಪಕೇಂದ್ರದಿಂದ ಮಾಲಾ ಮಾತ್ರೆ ಪಡೆದಳು. ಬೇರೆ ಔಷಧಿ ಏನಾದರೂ ಇದೆಯೇ ಎಂದು ಕೇಳಿದಾಗ ಅತ್ತೆಯವರು ಪಕ್ಕದಲ್ಲಿಯೇ ಇದ್ದುದರಿಂದ ಇಲ್ಲವೆಂದಳು. ಒಂದು ದಿನವೂ ತಪ್ಪಿಸದೆ ಮಾತ್ರೆ ನುಂಗಿದರೂ ಆಕೆ ಗರ್ಭವತಿಯಾದಳು. ಮನೆಯವರು ಆಕೆ ಮಾತ್ರೆಯನ್ನು ಸರಿಯಾಗಿ ನುಂಗಲಿಲ್ಲವೆಂದರು. ನುಂಗಿದೆನೆಂದು ಹೇಳಿದರೆ ನಂಬುವವರಿರಲಿಲ್ಲ.

ಆಕೆ ಹೇಳಿದುದು ನಿಜ. ಅದು ಏಕೆ ನಿಜವೆಂಬುದನ್ನು ವೈದ್ಯಶಾಸ್ತ್ರ ಅರ್ಧ ಶತಮಾನದಿಂದ ಬಲ್ಲದು.

ದೇಹದೊಳಗೆ ಸೇರಿದ ಔಷಧಗಳನ್ನು ಒಡೆದು ಹೊರಹಾಕುವ ಕಾರ್ಯ ಹೆಚ್ಚಾಗಿ ಯಕೃತ್ತಿನದು. ಅದಕ್ಕಾಗಿ ಯಕೃತ್ತಿನಲ್ಲಿ ಕಿಣ್ವಗಳೆಂಬ ಕೆಲಸಗಾರರಿದ್ದಾರೆ. ಫಿನೊಬಾರ್ಬಿಟೋನ್, ಫೆನಿಟಾಯಿನ್, ಕಾರ್ಬಮಾಜೆಪಿನ್, ಪ್ರಿಮಿಡೋನ್, ಆಕ್ಸ್‌ಕಾರ್ಬಜೆಪಿನ್ ಮುಂತಾದ ಮೂರ್ಛೆನಿರೋಧಕಗಳು ಈ ಕೆಲಸಗಾರರ ಸಂಖ್ಯೆಯನ್ನು ಹೆಚ್ಚಿಸುತ್ತವೆ. ಟೋಪಿರಮೇಟ್ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ ಅದೇ ರೀತಿ ವರ್ತಿಸುತ್ತದೆ. ಗರ್ಭನಿರೋಧಕ ಮಾತ್ರೆಯಲ್ಲಿರುವ ಹಾರ್ಮೋನುಗಳನ್ನು ಒಡೆಯುವವರೂ ಇದೇ ಕೆಲಸಗಾರರಾದ ಕಾರಣ, ಎರಡು ಔಷಧಗಳನ್ನು ಒಟ್ಟಿಗೆ ಸೇವಿಸುವವಳ ರಕ್ತದಲ್ಲಿ ಹಾರ್ಮೋನಿನ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಬಹುದು. ಸರಕಾರದ ಮಾಲಾ-ಎನ್ ಪಟ್ಟಿಯಲ್ಲಿ 28 ಮಾತ್ರೆಗಳಿವೆ. ಅವುಗಳಲ್ಲಿ 21 ಹಾರ್ಮೋನಿನವು, 7 ಕಬ್ಬಿಣಾಂಶದವು. ಒಂದೊಂದು ಹಾರ್ಮೋನು ಮಾತ್ರೆಯಲ್ಲಿ ಇರುವ ಈಸ್ಟ್ರೋಜನ್ 30 ಮೈಕ್ರೋಗ್ರಾಂ ಮಾತ್ರ. ಗರ್ಭವನ್ನು ತಡೆಯಲು ಬೇಕಾದಷ್ಟನ್ನೇ ಲೆಕ್ಕ ಹಾಕಿ ಇಟ್ಟ ಈ ಪ್ರಮಾಣದಲ್ಲಿ ಅರ್ಧ ಕಳೆದರೆ ತಡೆ ಎಲ್ಲಿಂದ ಬಂದೀತು? ಮಾತ್ರೆ ನುಂಗಿದವಳು ನಿಯಮ ತಪ್ಪಲಿಲ್ಲ, ಮಾತ್ರೆಯೇ ಒಳಗೆ ಕರಗಿಹೋಯಿತು.

ಫಿನೊಬಾರ್ಬಿಟೋನ್ ಮೂರ್ಛೆಗೆ ಉಪಯುಕ್ತವೆಂದು ತಿಳಿದುದು 1912ರಲ್ಲಿ, ಫೆನಿಟಾಯಿನ್ 1938ರಲ್ಲಿ. ಗರ್ಭನಿರೋಧಕ ಮಾತ್ರೆಗೆ ಅಮೆರಿಕೆಯಲ್ಲಿ ಅನುಮತಿ ದೊರೆತುದು 1960ರಲ್ಲಿ. ಮೂರ್ಛೆನಿರೋಧಕ ಸೇವಿಸುತ್ತಿದ್ದ ಸ್ತ್ರೀಯಲ್ಲಿ ಈ ಮಾತ್ರೆ ವಿಫಲವಾದ ವರದಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದುದು 1972ರಲ್ಲಿ. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್ ಔಷಧಿಗೂ ಇದೇ ಗುಣ ಇನ್ನೂ ತೀವ್ರವಾಗಿ ಇದೆಯೆಂದು ಅದೇ ಕಾಲದಲ್ಲಿ ತಿಳಿದುಬಂದಿತು. ಕನ್ನಡನಾಡಿಗೆ ಈ ಎರಡು ಔಷಧಶಾಖೆಗಳೂ ಹೊಸವಲ್ಲ. 1921ರಲ್ಲಿ ರಘುನಾಥ ಧೋಂಡೋ ಕರ್ವೆಯವರು ಮುಂಬಯಿಯಲ್ಲಿ ಸಂತತಿನಿಯಮನದ ಕೇಂದ್ರ ತೆರೆದಾಗ ಬೆಳಗಾವಿ ಜಿಲ್ಲೆ ಅದೇ ಮುಂಬಯಿ ಪ್ರಾಂತದಲ್ಲಿತ್ತು. 1930ರಲ್ಲಿ ಮೈಸೂರು ಸಂಸ್ಥಾನದ ಸರಕಾರವೇ ಇಂಥ ಕೇಂದ್ರಗಳನ್ನು ಆರಂಭಿಸಿತು. ಇತ್ತ ಡಾ. ಕೆ. ಎಸ್. ಮಣಿಯವರೂ ಅವರ ಸಹಕಾರಿಗಳೂ ಚಾಮರಾಜನಗರ ಜಿಲ್ಲೆಯ ಯಳಂದೂರಿನ ಹಳ್ಳಿಗಳಲ್ಲಿ ಫಿನೊಬಾರ್ಬಿಟೋನ್ ಮತ್ತು ಫೆನಿಟಾಯಿನ್‌ನಂಥ ಅಗ್ಗದ ಮಾತ್ರೆಗಳಿಂದಲೇ ಮೂರ್ಛೆರೋಗವನ್ನು ಹತೋಟಿಗೆ ತರಬಹುದೆಂದು ತೋರಿಸಿದರು. ಆ ಅಧ್ಯಯನ 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಬಡವರ ಕೈಗೆ ನಿಲುಕುವ ಈ ಮಾತ್ರೆಗಳು ಉಪಕಾರಿಗಳೆಂಬುದರಲ್ಲಿ ಸಂಶಯವಿಲ್ಲ. ಆದರೆ ಅಗ್ಗವಾದ ಈ ಎರಡೇ ಮಾತ್ರೆಗಳು ಗರ್ಭನಿರೋಧಕವನ್ನು ದುರ್ಬಲಗೊಳಿಸುವವುಗಳಲ್ಲಿ ಪ್ರಮುಖವಾದವು ಎಂಬುದನ್ನೂ ಜೊತೆಯಲ್ಲಿಯೇ ತಿಳಿಸಬೇಕಾಗಿದೆ.

ಇದಕ್ಕೆ ವಿಪರೀತವಾದ ಇನ್ನೊಂದು ಸಂಬಂಧವೂ ಉಂಟು. ಲಾಮೋಟ್ರಿಜಿನ್ ಎಂಬ ಮಾತ್ರೆಯ ವಿಷಯದಲ್ಲಿ ಗರ್ಭನಿರೋಧಕದಲ್ಲಿರುವ ಈಸ್ಟ್ರೋಜನ್ನೇ ಬಲಶಾಲಿ. ಅದು ಲಾಮೋಟ್ರಿಜಿನ್ನಿನ ಪ್ರಮಾಣವನ್ನು ರಕ್ತದಲ್ಲಿ ಸುಮಾರು ಅರ್ಧಕ್ಕೆ ಇಳಿಸಬಲ್ಲದು. ಪರಿಣಾಮವಾಗಿ ವರ್ಷಗಟ್ಟಲೆ ನಿಂತಿದ್ದ ಮೂರ್ಛೆ ಮತ್ತೆ ಬರಬಹುದು. ಹಾರ್ಮೋನಿಲ್ಲದ ಏಳು ದಿನಗಳಲ್ಲಿ ಅದೇ ಔಷಧ ಏರಿ ತಲೆಸುತ್ತು ಮೊದಲಾದ ತೊಂದರೆ ಕಾಣಿಸಬಹುದು. ಅಡುಗೆಯ ಒಲೆಯ ಮುಂದೆ, ಬಾವಿಯ ಕಟ್ಟೆಯ ಮೇಲೆ, ಕೂಸನ್ನು ಎತ್ತಿಕೊಂಡಿರುವಾಗ ಮೂರ್ಛೆ ಮರಳಿದರೆ ಆಗುವ ಅನಾಹುತವನ್ನು ಬಿಡಿಸಿ ಹೇಳಬೇಕಾಗಿಲ್ಲ. ಲೆವೆಟಿರಾಸಿಟಮ್ ಮತ್ತು ವಾಲ್ಪ್ರೊಯೇಟ್‌ಗಳು ಗರ್ಭನಿರೋಧಕ ಮಾತ್ರೆಯ ಬಲವನ್ನು ಕುಗ್ಗಿಸುವುದಿಲ್ಲ. ಆದರೆ ವಾಲ್ಪ್ರೊಯೇಟ್ ಗರ್ಭಸ್ಥ ಶಿಶುವಿಗೆ ಹೆಚ್ಚು ಅಪಾಯಕಾರಿ. ಗರ್ಭಕಾಲದಲ್ಲಿ ಅದನ್ನು ಸೇವಿಸಿದ ತಾಯಂದಿರ ಮಕ್ಕಳಲ್ಲಿ ನೂರಕ್ಕೆ ಸುಮಾರು ಹತ್ತರಲ್ಲಿ ಜನ್ಮಜಾತ ಅಂಗದೋಷ, ಮೂವತ್ತರಿಂದ ನಲವತ್ತರಲ್ಲಿ ಬುದ್ಧಿಬೆಳವಣಿಗೆಯ ಕುಂದು ಕಂಡುಬಂದಿದೆ. ಆದುದರಿಂದ ಆ ಮಾತ್ರೆ ಸೇವಿಸುವ ತರುಣಿಯರಿಗೆ ಗರ್ಭಧಾರಣೆಯ ಯೋಜನೆ ವೈದ್ಯರ ಸಲಹೆಯೊಡನೆಯೇ ಆಗಬೇಕು.

ಹಾಗಾದರೆ ಉಪಾಯವೇ ಇಲ್ಲವೇ ಎಂದು ಯಾರೂ ಎದೆಗುಂದಬೇಕಾಗಿಲ್ಲ. ತಾಮ್ರದ ವಂಕಿ, ಅಂದರೆ ಕಾಪರ್-ಟಿ, ಗರ್ಭಕೋಶದಲ್ಲಿದ್ದು ಅಲ್ಲಿಯೇ ಕೆಲಸ ಮಾಡುವುದರಿಂದ ಯಕೃತ್ತಿನ ವ್ಯವಹಾರಕ್ಕೂ ಅದಕ್ಕೂ ಸಂಬಂಧವಿಲ್ಲ. ಸರಕಾರಿ ಆಸ್ಪತ್ರೆಗಳಲ್ಲಿ ಅದನ್ನು ಉಚಿತವಾಗಿ ಅಳವಡಿಸುವರು. 380-ಎ ಎಂಬ ಬಗೆಯದು ಹತ್ತು ವರ್ಷ ಕೆಲಸ ಮಾಡುತ್ತದೆ. ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದೂ ಈ ಮೂರ್ಛೆನಿರೋಧಕಗಳಿಂದ ದುರ್ಬಲವಾಗುವುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಅದಕ್ಕೆ ಯಾವ ನಿರ್ಬಂಧವನ್ನೂ ಹಾಕಿಲ್ಲ. ಪತಿಯು ನಿರೋಧ್ ಬಳಸಬಹುದು. ಮಕ್ಕಳು ಸಾಕೆನಿಸಿದಾಗ ಶಸ್ತ್ರಚಿಕಿತ್ಸೆಯನ್ನು ಪತಿಯೂ ಮಾಡಿಸಿಕೊಳ್ಳಬಹುದು. ಆ ಭಾರ ಹೆಣ್ಣಿನ ಮೇಲೆಯೇ ಬೀಳಬೇಕೆಂಬ ನಿಯಮ ಯಾವ ಗ್ರಂಥದಲ್ಲಿಯೂ ಇಲ್ಲ. ತುರ್ತು ಸಂದರ್ಭದಲ್ಲಿ ನುಂಗುವ ಮಾತ್ರೆಯ ಬಲವೂ ಇದೇ ಕಾರಣದಿಂದ ಕುಗ್ಗುವುದರಿಂದ ಅಂಥ ವೇಳೆಯಲ್ಲಿ ಐದು ದಿನಗಳೊಳಗಾಗಿ ವೈದ್ಯರನ್ನು ಕಂಡು ಕಾಪರ್-ಟಿ ಹಾಕಿಸಿಕೊಳ್ಳುವುದು ಹೆಚ್ಚು ಭರವಸೆಯದು. ಮೂರ್ಛೆಯ ಮಾತ್ರೆ ಬದಲಾಯಿಸಿದ ಮೇಲೂ ಹಳೆಯದರ ಪ್ರಭಾವ ಸುಮಾರು ನಾಲ್ಕು ವಾರ ಉಳಿಯುತ್ತದೆ ಎಂಬುದು ನೆನಪಿನಲ್ಲಿರಬೇಕು. ಎಲ್ಲಕ್ಕೂ ಮಿಗಿಲಾದ ಮಾತೆಂದರೆ, ಈ ಸಂಗತಿಯನ್ನು ಓದಿದವರು ಯಾವ ಮಾತ್ರೆಯನ್ನೂ ತಾವಾಗಿ ನಿಲ್ಲಿಸಬಾರದು. ಮೂರ್ಛೆಯ ಮಾತ್ರೆಯನ್ನು ಏಕಾಏಕಿ ನಿಲ್ಲಿಸುವುದು ಪ್ರಾಣಕ್ಕೆ ಅಪಾಯ.

ಧರ್ಮದೃಷ್ಟಿಯಿಂದ ಈ ವಿಷಯವನ್ನು ಕೆಲವರು ಒಂದೇ ಮಾತಿನಲ್ಲಿ ಮುಗಿಸುವುದುಂಟು: ಸಂಯಮವಿದ್ದರೆ ಸಾಕು, ಮಾತ್ರೆಯೇ ಬೇಡ. ಸಂಯಮವೇ ಶ್ರೇಷ್ಠವೆಂಬುದರಲ್ಲಿ ವಿವಾದವಿಲ್ಲ. ಆದರೆ ಗೃಹಸ್ಥನಿಗೆ ವಿಧಿಸಿರುವುದು ಮಹಾವ್ರತವಲ್ಲ, ಸ್ವದಾರಸಂತೋಷವೆಂಬ ಅಣುವ್ರತ. ಗೃಹಸ್ಥಧರ್ಮದಲ್ಲಿರುವ ದಂಪತಿಗಳು ಮಕ್ಕಳ ನಡುವೆ ಅಂತರವಿರಲೆಂದು ಬಯಸುವುದು ತಾಯಿಯ ದೇಹದ ಮೇಲಿನ ಕರುಣೆಯಿಂದ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣ, ಅಂದರೆ ತಾಳಲಾಗದಷ್ಟು ಭಾರ ಹೊರಿಸುವುದು, ಒಂದಾಗಿದೆ. ಅದನ್ನು ಎತ್ತುಗಳಿಗೆ ಮಾತ್ರ ಅನ್ವಯಿಸಿ ಮನೆಯ ಸೊಸೆಯನ್ನು ಮರೆಯುವುದು ಉಚಿತವಲ್ಲ.

ಇನ್ನು ಮಾತ್ರೆ ವಿಫಲವಾದ ಮೇಲೆ ಏನಾಗುತ್ತದೆಂಬುದನ್ನು ನೋಡಬೇಕು. ಅನಿರೀಕ್ಷಿತ ಗರ್ಭ ಕಂಡ ಕೂಡಲೇ ಕೆಲವರು ಶಿಶುವಿಗೆ ಕೆಡುಕಾದೀತೆಂದು ಮೂರ್ಛೆಯ ಮಾತ್ರೆಯನ್ನು ಗುಟ್ಟಾಗಿ ಬಿಟ್ಟುಬಿಡುತ್ತಾರೆ. ಆಗ ತಾಯಿಗೂ ಶಿಶುವಿಗೂ ಒಟ್ಟಿಗೆ ಗಂಡಾಂತರ. ಮತ್ತೆ ಕೆಲವರು ಗರ್ಭಪಾತದ ವಿಚಾರಕ್ಕೆ ಬರುತ್ತಾರೆ. ಗರ್ಭನಿರೋಧಕ ವಿಫಲವಾದಾಗ ನಿಯಮಾನುಸಾರ ಅದಕ್ಕೆ ದೇಶದ ಕಾನೂನಿನಲ್ಲಿ ಅವಕಾಶವಿದೆ. ಆದರೆ ಗರ್ಭಸ್ಥ ಜೀವವನ್ನು ಪಂಚೇಂದ್ರಿಯ ಜೀವವೆಂದು ನಂಬಿದ ಮನೆಯ ಹೆಣ್ಣಿಗೆ ಆ ನಿರ್ಧಾರ ಎಷ್ಟು ನೋವಿನದೆಂಬುದು ಆಕೆಗೇ ಗೊತ್ತು. ಈ ಸಂಕಟಕ್ಕೆ ಮೂಲ ಯಾರ ದುಷ್ಟಬುದ್ಧಿಯೂ ಅಲ್ಲ. ಕೇಳಬೇಕಾದವರು ಕೇಳಲಿಲ್ಲ, ಹೇಳಬೇಕಾದವರು ಹೇಳಲಿಲ್ಲ, ಅಷ್ಟೇ. ಆದರೆ ಹಿಂಸೆಯ ಲಕ್ಷಣ ಹೇಳುವಾಗ ಉಮಾಸ್ವಾಮಿಗಳು ಪ್ರಮಾದವನ್ನೇ ಮುಂದಿಟ್ಟಿದ್ದಾರೆ. ಎಚ್ಚರದಿಂದ ನಡೆದರೂ ಆದ ಹಾನಿಗೂ ಎಚ್ಚರವಿಲ್ಲದೆ ಆದ ಹಾನಿಗೂ ಭೇದವುಂಟು. ನೀರನ್ನು ಸೋಸಿ ಕುಡಿಯುವ, ಹೆಜ್ಜೆಯಿಡುವ ಮೊದಲು ನೆಲ ನೋಡುವ ಸಮಾಜಕ್ಕೆ ಎರಡು ಮಾತ್ರೆಗಳನ್ನು ಒಟ್ಟಿಗೆ ನುಂಗುವ ಮೊದಲು ವಿಚಾರಿಸುವುದು ಹೊಸ ವ್ರತವೇನಲ್ಲ.

ಹೇಳದಿರುವುದಕ್ಕೆ ಕಾರಣ ಭಯ. ಆ ಭಯಕ್ಕೆ ಒಂದು ಕಾಲದಲ್ಲಿ ಕಾನೂನಿನ ಆಧಾರವೂ ಇತ್ತು. ಜೈನರಿಗೂ ಅನ್ವಯಿಸುವ ಹಿಂದೂ ವಿವಾಹ ಕಾಯಿದೆಗೆ 1976ರಲ್ಲಿ ಆದ ತಿದ್ದುಪಡಿಯ ಮೇರೆಗೆ, ಮತ್ತೆ ಮತ್ತೆ ಮೂರ್ಛೆರೋಗಕ್ಕೆ ಒಳಗಾಗುವವರನ್ನು ಉನ್ಮಾದಕ್ಕೆ ಒಳಗಾಗುವವರ ಸಾಲಿನಲ್ಲಿ ಸೇರಿಸಿ, ವಿವಾಹಕ್ಕೆ ಅನರ್ಹರೆಂದು ಹೇಳಲಾಗಿತ್ತು. ಭಾರತೀಯ ಅಪಸ್ಮಾರ ಸಂಘವೂ ಇದರ ವಿರುದ್ಧ ಪ್ರಯತ್ನಪಟ್ಟಿತು. 1999ರ ವಿವಾಹ ಕಾನೂನುಗಳ ತಿದ್ದುಪಡಿ ಕಾಯಿದೆಯಿಂದ ಮೂರ್ಛೆರೋಗವೆಂಬ ಪದ ಅಲ್ಲಿಂದ ಹೊರಬಿದ್ದಿತು. ಮೂರ್ಛೆರೋಗವುಳ್ಳವರ ವಿವಾಹಕ್ಕೆ ಆ ಹೆಸರಿನಲ್ಲಿ ಇದ್ದ ತಡೆ ಅಂದಿನಿಂದ ಕಾನೂನಿನಲ್ಲಿಲ್ಲ. ಆದರೆ ಕಾನೂನಿನ ಪುಸ್ತಕದಿಂದ ಅಳಿದ ಪದ ಜನರ ಮನಸ್ಸಿನಿಂದ ಇನ್ನೂ ಅಳಿದಿಲ್ಲ. ರೋಗವುಳ್ಳ ಸ್ತ್ರೀಯರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಆರೋಗ್ಯವಂತ ಶಿಶುಗಳಿಗೆ ಜನ್ಮ ಕೊಡುತ್ತಾರೆ ಎಂಬ ಸಂಗತಿ ಕನ್ಯೆ ನೋಡಲು ಹೋಗುವ ಹಿರಿಯರ ಕಿವಿಗೆ ಬಿದ್ದಿಲ್ಲ.

ಇಲ್ಲಿ ಸತ್ಯಾಣುವ್ರತದ ಪ್ರಶ್ನೆ ಏಳುತ್ತದೆ. ಬೀಗತನದ ಮಾತುಕತೆಯಲ್ಲಿ ರೋಗವನ್ನು ಮುಚ್ಚಿಡುವುದು ಸರಿಯಲ್ಲವೆಂದು ಎಲ್ಲರೂ ಒಪ್ಪುತ್ತಾರೆ. ಆದರೆ ನಿಜ ಹೇಳಿದ ಮನೆಯಿಂದ ಎದ್ದುಹೋಗಿ, ಆ ನಿಜವನ್ನು ಊರಿಗೆಲ್ಲ ಹಂಚುವವರು ಯಾವ ವ್ರತವನ್ನು ಪಾಲಿಸಿದಂತಾಯಿತು? ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ರಹೋಭ್ಯಾಖ್ಯಾನವೂ ಸಾಕಾರಮಂತ್ರಭೇದವೂ ಸೇರಿವೆ. ಏಕಾಂತದ ಮಾತನ್ನು ಬಯಲಿಗೆಳೆಯುವುದು, ಮತ್ತೊಬ್ಬರ ಗುಟ್ಟನ್ನು ಅರಿತು ಹೊರಗೆಡಹುವುದು, ಇವೆರಡೂ ಸತ್ಯಕ್ಕೆ ಕಳಂಕವೆಂದೇ ಆಚಾರ್ಯರು ಎಣಿಸಿದರು. ಮಗಳ ತಾಯಿ ಸುಳ್ಳು ಕಲಿಸಿದ್ದು ತಪ್ಪಾದರೆ, ಆ ಸುಳ್ಳನ್ನು ಅನಿವಾರ್ಯ ಮಾಡಿದ ನಾಲಗೆಗಳ ತಪ್ಪು ಅದಕ್ಕಿಂತ ದೊಡ್ಡದು. ಔಷಧಿ ಅಂಗಡಿಯವನು, ಆಶಾ ಕಾರ್ಯಕರ್ತೆ, ಶಿಬಿರದ ಸ್ವಯಂಸೇವಕ, ಇವರಿಗೆ ರೋಗಿಯ ಗುಟ್ಟು ನ್ಯಾಸ, ಅಂದರೆ ಒತ್ತೆಯಿಟ್ಟ ಧನವಿದ್ದಂತೆ. ಸಾಹುಕಾರನು ನ್ಯಾಸವನ್ನು ಹೇಗೆ ಕಾಯಬೇಕೋ ಹಾಗೆ ಇವರು ಅದನ್ನು ಕಾಯಬೇಕು.

ವ್ರತನಿಯಮಗಳ ವಿಷಯದಲ್ಲಿಯೂ ಒಂದು ಮಾತು ಅವಶ್ಯಕ. ರಾತ್ರಿಭೋಜನತ್ಯಾಗವಿರುವ ಮನೆಗಳಲ್ಲಿ ಮಲಗುವ ವೇಳೆಯ ಮಾತ್ರೆಯನ್ನು ಕೈಬಿಡುವುದೂ, ದಶಲಕ್ಷಣ ಪರ್ವದ ಉಪವಾಸಗಳಲ್ಲಿ ದಿನದ ಮಾತ್ರೆಗಳನ್ನೇ ನುಂಗದಿರುವುದೂ ನಡೆಯುತ್ತದೆ. ಮೂರ್ಛೆಯ ಮಾತ್ರೆ ತಪ್ಪಿದರೆ ಮೂರ್ಛೆ ಮರಳುತ್ತದೆ, ಗರ್ಭನಿರೋಧಕ ಮಾತ್ರೆ ತಪ್ಪಿದರೆ ತಡೆ ತಪ್ಪುತ್ತದೆ. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನು ಹೇಳುವಾಗ ಶಕ್ತಿತಸ್ತಪವೆಂದೇ ಹೇಳಿದೆ, ಅಂದರೆ ಶಕ್ತಿಗೆ ತಕ್ಕ ತಪಸ್ಸು. ತಮ್ಮ ನಿಯಮವನ್ನು ವೈದ್ಯರಿಗೆ ಮೊದಲೇ ತಿಳಿಸಿದರೆ ಸೂರ್ಯಾಸ್ತದ ಒಳಗೆ ಮಾತ್ರೆ ಮುಗಿಯುವಂತೆ ವೇಳೆಯನ್ನು ಹೊಂದಿಸಿಕೊಡುವುದು ಬಹುಮಟ್ಟಿಗೆ ಸಾಧ್ಯ. ಹೊಂದಿಸಲಾಗದಿದ್ದರೆ ತ್ಯಾಗಿಗಳ ಸನ್ನಿಧಿಯಲ್ಲಿ ಅರಿಕೆ ಮಾಡಿಕೊಂಡು ನಿಯಮಕ್ಕೆ ಮಿತಿ ಪಡೆಯುವುದು ಕ್ರಮ. ಗುಟ್ಟಾಗಿ ಮಾತ್ರೆ ಬಿಡುವುದು ಕ್ರಮವಲ್ಲ.

ಬಸದಿಗಳ ವಿಶ್ವಸ್ತ ಮಂಡಳಿಗಳು ಈ ದಿಸೆಯಲ್ಲಿ ಮಾಡಬಹುದಾದ ಕಾರ್ಯಕ್ಕೆ ಹೆಚ್ಚಿನ ವೆಚ್ಚ ತಗಲುವುದಿಲ್ಲ. ಆರೋಗ್ಯ ಶಿಬಿರದಲ್ಲಿ ಮಹಿಳಾ ವೈದ್ಯರನ್ನು ಕರೆಸಿ, ಅತ್ತೆ, ಪತಿ, ನೆರೆಯವರು ಯಾರೂ ಇಲ್ಲದ ಒಂದು ಕೋಣೆಯನ್ನು ಆಕೆಯ ಮಾತಿಗಾಗಿ ಬಿಟ್ಟುಕೊಡಬೇಕು. ಪ್ರತಿಯೊಬ್ಬ ಸ್ತ್ರೀರೋಗಿಯ ಬಳಿಯೂ ತಾನು ಸೇವಿಸುವ ಎಲ್ಲ ಮಾತ್ರೆಗಳ ಹೆಸರು, ಪ್ರಮಾಣ, ವೇಳೆಗಳನ್ನು ಬರೆದ ಒಂದೇ ಚೀಟಿ ಇರುವಂತೆ ಮಾಡಿ, ಮಿರಜಿಗೆ ಹೋದರೂ ಉಪಕೇಂದ್ರಕ್ಕೆ ಹೋದರೂ ಅದನ್ನೇ ತೋರಿಸುವಂತೆ ತಿಳಿಹೇಳಬೇಕು. ಗಡಿಯ ಎರಡೂ ಕಡೆ ನಡೆಯುವಂತೆ ಅದು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಇದ್ದರೆ ಒಳ್ಳೆಯದು. ಮೂರ್ಛೆಗೆ ಮಾತ್ರೆ ನುಂಗುತ್ತೀರಾ, ಗರ್ಭನಿರೋಧಕ ನುಂಗುತ್ತೀರಾ, ಕ್ಷಯಕ್ಕೆ ಔಷಧಿ ನಡೆದಿದೆಯೇ ಎಂಬ ಮೂರು ಪ್ರಶ್ನೆಗಳು ಶಿಬಿರದ ಕಾಗದದಲ್ಲಿ ಅಚ್ಚಾಗಿರಲಿ. ಪಾಠಶಾಲೆಯ ತರುಣಿಯರಿಗೆ ವರ್ಷಕ್ಕೊಮ್ಮೆಯಾದರೂ ತಜ್ಞರಿಂದ ಈ ವಿಷಯದ ತಿಳಿವಳಿಕೆ ದೊರೆಯಲಿ. ತರುಣರಿಗೂ ದೊರೆಯಲಿ. ಪತ್ನಿಯ ಮಾತ್ರೆಯ ಹೆಸರು ತಿಳಿಯದ ಪತಿಯು ಆಕೆಯ ವೈಯಾವೃತ್ಯವನ್ನು ಹೇಗೆ ತಾನೇ ಮಾಡಿಯಾನು?

ಔಷಧ ಕೊಡುವುದು ಔಷಧದಾನ, ಅದರ ಗುಣದೋಷಗಳನ್ನು ತಿಳಿಸುವುದು ಶಾಸ್ತ್ರದಾನ. ಆದರೆ "ನನಗೆ ಇಂಥ ರೋಗವಿದೆ, ಇಂಥ ಮಾತ್ರೆ ನುಂಗುತ್ತಿದ್ದೇನೆ" ಎಂದು ಮನೆಯ ಸೊಸೆ ಹೆದರದೆ ಹೇಳುವ ದಿನ ಬಂದಲ್ಲದೆ ಆ ಎರಡು ದಾನಗಳೂ ಫಲಿಸವು. ಆ ನಿರ್ಭಯತೆಯನ್ನು ಯಾವ ಆಸ್ಪತ್ರೆಯೂ ಕೊಡಲಾರದು. ಅದನ್ನು ಕೊಡಬೇಕಾದವರು ಅತ್ತೆ, ಮಾವ, ಪತಿ ಮತ್ತು ಸಮಾಜದ ಹಿರಿಯರು. ಅದಕ್ಕೆ ಹಣ ಬೇಕಾಗಿಲ್ಲ. ಹೇಳಿದುದನ್ನು ಕೇಳಿಸಿಕೊಂಡು, ಬೇರೆಯವರಿಗೆ ಹೇಳದೆ ಇರುವಷ್ಟು ಸಂಯಮ ಸಾಕು.